ಕೇಬಲ್ಲೂ ಇರಲಿ, ವೈಫೈಯೂ ಇರಲಿ

"ಕೇಬಲ್ಲೂ ಚುಚ್ಚಿ ವೈಫೈನೂ ಆನ್ ಇಟ್ರೆ ಸ್ಪೀಡು ಡಬಲ್ ಆಗತ್ತೇನೋ?"

ಪಕ್ಕದ ಮನೆಯ ಅಕ್ಕ ಕಾಂಪೌಂಡಿನ ಆಚೆಯಿಂದ ಕೇಳಿದರು. ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ಈಗ ಸಂಜೆ ಹೊತ್ತು ಲ್ಯಾಪ್‌ಟಾಪಿನ ಮುಂದೆ ಕೂತು ಹತ್ತನೇ ಕ್ಲಾಸಿನ ಮಕ್ಕಳಿಗೆ ಆನ್‌ಲೈನ್ ಪಾಠ ಮಾಡುತ್ತಾರೆ. ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟ್ ಹಾಕಿಸಿಕೊಂಡ ಮೇಲೆ ಅದು ಮತ್ತೆ ಚುರುಕಾಗಿದೆ. ಹಾಲಿನಲ್ಲಿರುವ ರೂಟರಿನಿಂದ ಪಾಠದ ಕೋಣೆಗೆ ಎಲೆಕ್ಟ್ರಿಷಿಯನ್ ಕೈಲಿ ಲ್ಯಾನ್ ಕೇಬಲ್ ಎಳೆಸಿದ್ದೂ ಆಗಿದೆ. ಇನ್ನು ವೈಫೈ ಆಫ್ ಮಾಡಬೇಕೋ, ಹಾಗೇ ಬಿಡಬೇಕೋ? ಶಿವಮೊಗ್ಗದ ಮಳೆಗಾಲದಲ್ಲಿ ಇಂಟರ್ನೆಟ್ಟನ್ನು ನಂಬಿ ಪಾಠ ಮಾಡುವವರಿಗೆ ಇದು ಸಣ್ಣ ಪ್ರಶ್ನೆಯಲ್ಲ.

"ಆಫ್ ಮಾಡ್ಬೇಡಿ ಅಕ್ಕ. ಡಬಲ್ ಅಂತೂ ಆಗಲ್ಲ, ಆದ್ರೂ ಎರಡೂ ಇರಲಿ" ಅಂದೆ.

"ಡಬಲ್ ಯಾಕಾಗಲ್ಲ? ದಾರಿ ಎರಡಿದೆಯಲ್ಲ."

ದಾರಿ ಎರಡಿದ್ದರೂ ಎರಡೂ ಹೋಗಿ ಸೇರುವುದು ಹಾಲಿನ ಆ ಒಂದೇ ಪೆಟ್ಟಿಗೆಗೆ. ಅಲ್ಲಿಂದ ಆಚೆ ಬೀದಿಗೆ ಹೋಗುವ ಫೈಬರ್ ಒಂದೇ ಒಂದು. ಅದರಲ್ಲಿ ಸೆಕೆಂಡಿಗೆ 100 ಮೆಗಾಬಿಟ್ಟಿನ ಪ್ಲಾನ್ ಹಾಕಿಸಿಕೊಂಡಿದ್ದರೆ, ಮನೆಯೊಳಗೆ ಎಷ್ಟು ದಾರಿ ಮಾಡಿದರೂ ಬರುವುದು ಆ 100 ಮಾತ್ರ. ಹೊಸದಾಗಿ ಎಳೆಸಿದ ಕೇಬಲ್ಲೊಂದೇ ಸಾವಿರ ಮೆಗಾಬಿಟ್ ಹೊರುತ್ತದೆ. ಮನೆಯೊಳಗಿನ ದಾರಿ ಯಾವತ್ತೂ ಇಕ್ಕಟ್ಟಾಗಿರಲಿಲ್ಲ.

ಎರಡೂ ಹಾಕಿದಾಗ ಲಿನಕ್ಸ್ ಏನು ಮಾಡುತ್ತದೆ ಅನ್ನುವುದನ್ನು ಊಹೆ ಮಾಡಬೇಕಾಗಿಲ್ಲ, ಕಣ್ಣಾರೆ ನೋಡಬಹುದು. ನನಗೆ ಲಿನಕ್ಸ್ ಮೇಲೆ ಇರುವ ಪ್ರೀತಿಗೆ ಇದೇ ಮೊದಲ ಕಾರಣ. ಅಕ್ಕ ಲ್ಯಾಪ್‌ಟಾಪನ್ನೇ ತಂದು ಕಾಂಪೌಂಡಿನ ಮೇಲಿಟ್ಟರು. ಕೇಬಲ್ ಅಲ್ಲಿಯತನಕ ಬರುವುದಿಲ್ಲವಾದ್ದರಿಂದ, ಕೋಣೆಯಲ್ಲಿದ್ದಾಗ ಟರ್ಮಿನಲ್ಲಿನಲ್ಲಿ 'ಐಪಿ ರೂಟ್' ಅಂತ ಟೈಪ್ ಮಾಡಿದರೆ ಏನು ಕಾಣುತ್ತದೆ ಅಂತ ಬಾಯಲ್ಲೇ ಹೇಳಿದೆ. 'ಡೀಫಾಲ್ಟ್' ಅಂತ ಶುರುವಾಗುವ ಎರಡು ಸಾಲು. ಕೇಬಲ್ಲಿನ ಸಾಲಿನ ಕೊನೆಗೆ ಮೆಟ್ರಿಕ್ 100, ವೈಫೈ ಸಾಲಿನ ಕೊನೆಗೆ ಮೆಟ್ರಿಕ್ 600. ಈ ಅಂಕಿ ಕೊಡುವುದು ನೆಟ್‌ವರ್ಕ್ ಮ್ಯಾನೇಜರ್ ಅನ್ನುವ ತಂತ್ರಾಂಶ. ಹೊರಗೆ ಹೋಗುವ ದತ್ತಾಂಶದ ಪ್ರತಿಯೊಂದು ತುಣುಕು, ಅಂದರೆ ಪ್ಯಾಕೆಟ್ಟು, ಕಡಿಮೆ ಅಂಕಿಯ ದಾರಿ ಹಿಡಿಯುತ್ತದೆ. ವೈಫೈ ಆನ್ ಇರುತ್ತದೆ, ವಿಳಾಸ ಪಡೆದಿರುತ್ತದೆ, ಆದರೆ ಸುಮ್ಮನೆ ಕಾಯುತ್ತಿರುತ್ತದೆ. ಕೇಬಲ್ ಕಿತ್ತ ಕೂಡಲೇ 100ರ ಸಾಲು ಮಾಯವಾಗಿ 600ರ ಸಾಲಿನ ಸರದಿ ಬರುತ್ತದೆ.

"ಅಂದ್ರೆ ಕನಿಷ್ಠ ಬೆಲೆ ಹುಡುಕೋದು. ನಮ್ಮ ಲೆಕ್ಕವೇ" ಅಂದರು ಅಕ್ಕ. ಅಷ್ಟೇ. ಆ ಅಂಕಿಯನ್ನು ನಾವೇ ಬದಲಾಯಿಸಲೂಬಹುದು. ವೈಫೈಗೆ 50 ಕೊಟ್ಟರೆ ಕೇಬಲ್ ಇದ್ದರೂ ವೈಫೈಯೇ ಮುಂದೆ.

"ಕೇಬಲ್ಲಿಗೇ ಯಾಕೆ ಮೊದಲ ಮಣೆ?" ಅಂತ ಮತ್ತೆ ಕೇಳಿದರು. ಈ ಪ್ರಶ್ನೆ ಕೇಳಿದವರನ್ನು ನಾನು ಸುಲಭವಾಗಿ ಬಿಡುವುದಿಲ್ಲ, ಹವಾಯಿ ದ್ವೀಪಗಳ ತನಕ ಕರೆದುಕೊಂಡು ಹೋಗುತ್ತೇನೆ.

1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು ಅಲೋಹನೆಟ್ ಅನ್ನುವ ಜಾಲ ಕಟ್ಟಿದರು. ಸಮುದ್ರದ ನಡುವೆ ಚದುರಿದ ದ್ವೀಪಗಳು, ದೊಡ್ಡ ಕಂಪ್ಯೂಟರು ಒಂದೇ ಕಡೆ. ಹಾಗಾಗಿ ರೇಡಿಯೋ ಮೂಲಕ ದತ್ತಾಂಶ ಕಳಿಸಿದರು. ಎಲ್ಲರಿಗೂ ಒಂದೇ ತರಂಗಾಂತರ, ಸರದಿ ಹಂಚುವವರು ಯಾರೂ ಇಲ್ಲ. ಹೇಳಬೇಕಾದ್ದು ಇದ್ದವರು ಹೇಳಿಬಿಡುವುದು. ಇಬ್ಬರ ಮಾತು ಡಿಕ್ಕಿ ಹೊಡೆದು ಕೆಟ್ಟರೆ, ಇಬ್ಬರೂ ತಮಗೆ ತೋಚಿದಷ್ಟು ಹೊತ್ತು ಕಾದು ಮತ್ತೆ ಕಳಿಸುವುದು. ಇಷ್ಟು ಸರಳವಾದ ನಿಯಮದಿಂದ ಒಂದು ಜಾಲ ನಡೆಯುತ್ತದೆ ಅನ್ನುವುದೇ ನನಗೆ ಇವತ್ತಿಗೂ ಬೆರಗು. ಅಬ್ರಾಮ್ಸನ್ ಬರೆದ ಪ್ರಬಂಧವನ್ನು ಬಾಬ್ ಮೆಟ್ಕಾಫ್ ಓದಿದರು. ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಸಂಶೋಧನಾಲಯದಲ್ಲಿ 1973ರ ಮೇ 22ರಂದು ಅವರು ಬರೆದ ಟಿಪ್ಪಣಿಯಿಂದ ಈಥರ್‌ನೆಟ್ ಶುರುವಾಯಿತು. ಗಾಳಿಯಲ್ಲಿ ನಡೆಯುತ್ತಿದ್ದ ಆ ಪದ್ಧತಿಯನ್ನೇ ಅವರು ಒಂದು ಕೇಬಲ್ಲಿನೊಳಗೆ ತಂದರು. ಮಾತಾಡುವ ಮೊದಲು ಕಿವಿಗೊಟ್ಟು ಕೇಳು, ಡಿಕ್ಕಿಯಾದರೆ ತಕ್ಷಣ ನಿಲ್ಲಿಸು ಅನ್ನುವ ಶಿಸ್ತನ್ನು ಸೇರಿಸಿದರು.

ಹಾಗಾಗಿ ಅಕ್ಕನ ಮನೆಯ ನೀಲಿ ಕೇಬಲ್ಲು ವೈಫೈಗೆ ಪರಕೀಯವಲ್ಲ, ಅದರ ಮೂಲವೂ ರೇಡಿಯೋದಲ್ಲೇ ಇದೆ. ಮುಂದೆ ಕೇಬಲ್ಲಿನ ಹಾದಿ ಬದಲಾಯಿತು. ಪ್ರತಿ ಯಂತ್ರಕ್ಕೂ ಸ್ವಿಚ್ಚಿನಿಂದ ತನ್ನದೇ ಕೇಬಲ್ ಬಂತು, ಅದರೊಳಗೆ ಹೋಗುವುದಕ್ಕೂ ಬರುವುದಕ್ಕೂ ಬೇರೆ ಬೇರೆ ಜೋಡಿ ತಂತಿ, ಆಮೇಲೆ ಒಂದೇ ಜೋಡಿಯಲ್ಲಿ ಎರಡೂ ದಿಕ್ಕು. ಡಿಕ್ಕಿಯ ಮಾತೇ ಹೋಯಿತು. ವೈಫೈ ಮಾತ್ರ ಇನ್ನೂ ಒಂದೇ ಗಾಳಿಯನ್ನು ಎಲ್ಲರೊಡನೆ ಹಂಚಿಕೊಳ್ಳುತ್ತಿದೆ. ಅಕ್ಕನ ಲ್ಯಾಪ್‌ಟಾಪು, ಮೊಬೈಲು, ಟಿವಿ, ಕಾಂಪೌಂಡಿನ ಈಚೆಗಿರುವ ನನ್ನ ರೂಟರು, ಎದುರು ಮನೆಯದು, ಎಲ್ಲ ಒಂದೇ ಚಾನೆಲ್ಲಿನಲ್ಲಿದ್ದರೆ ಒಬ್ಬರು ಮುಗಿಸುವ ತನಕ ಇನ್ನೊಬ್ಬರು ಕಾಯಬೇಕು. ಕೇಬಲ್ಲಿನಲ್ಲಿ ಪ್ಯಾಕೆಟ್ಟು ಒಂದೇ ಹದದಲ್ಲಿ ಹೋಗುತ್ತದೆ. ವೈಫೈಯಲ್ಲಿ ಒಮ್ಮೆ ಬೇಗ, ಒಮ್ಮೆ ತಡ. ಪಾಠ ಮಾಡುವಾಗ ಸ್ಪೀಡಿಗಿಂತ ಈ ಹದವೇ ಮುಖ್ಯ. 100 ಮತ್ತು 600ರ ಹಿಂದಿರುವ ತಿಳಿವಳಿಕೆ ಇದೇ.

"ಹಂಗಾದ್ರೆ ಎರಡನ್ನೂ ಕಟ್ಟಿ ಒಂದು ಮಾಡೋಕೆ ಆಗೋದೇ ಇಲ್ವೇನೋ?"

ಆಗುತ್ತದೆ. ಅದನ್ನು ಮಾಡಿದವರ ಕಥೆ ಚೆನ್ನಾಗಿದೆ. 1994ರಲ್ಲಿ ಅಮೆರಿಕದ ನಾಸಾದ ಗೊಡಾರ್ಡ್ ಕೇಂದ್ರದಲ್ಲಿ ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಬಿಡಿಭಾಗಗಳಿಂದಲೇ ಸೂಪರ್ ಕಂಪ್ಯೂಟರಿನ ಕೆಲಸ ಮಾಡಿಸಲು ಹೊರಟರು. 486 ಪ್ರೊಸೆಸರುಗಳು 16, ಅವಕ್ಕೆ ಲಿನಕ್ಸ್. ಅದಕ್ಕೆ ಬೇವುಲ್ಫ್ ಅಂತ ಹೆಸರಿಟ್ಟರು. ಲೆಕ್ಕ ಮಾಡುವ ವೇಗಕ್ಕೆ 10 ಮೆಗಾಬಿಟ್ಟಿನ ಈಥರ್‌ನೆಟ್ ಸಾಲಲಿಲ್ಲ. ದುಬಾರಿ ಜಾಲ ಕೊಳ್ಳುವ ಬದಲು ಬೆಕರ್ ಡ್ರೈವರನ್ನೇ ಹೊಸದಾಗಿ ಬರೆದು, ಪ್ಯಾಕೆಟ್ಟುಗಳನ್ನು ಎರಡು ಕೇಬಲ್ಲುಗಳಿಗೆ ಹಂಚಿದರು. ಇವತ್ತು ಲಿನಕ್ಸ್ ಕರ್ನಲ್ಲಿನಲ್ಲಿ ಇರುವ ಬಾಂಡಿಂಗ್ ಡ್ರೈವರು ಬಂದದ್ದು ಅಲ್ಲಿಂದ. ಅಷ್ಟು ದೊಡ್ಡ ಕೆಲಸಕ್ಕೆ ಹುಟ್ಟಿದ ಸಲಕರಣೆ ಅಕ್ಕನ ಮಿಂಟ್ ಲ್ಯಾಪ್‌ಟಾಪಿನಲ್ಲೂ ಸುಮ್ಮನೆ ಕೂತಿದೆ, ಬೇಕಾದವರು ಎತ್ತಿಕೊಳ್ಳಬಹುದು.

ಬಾಂಡಿಂಗಿನಲ್ಲಿ ಏಳು ವಿಧ. ಬೆಕರ್ ಮಾಡಿದಂತೆ ಒಂದರ ನಂತರ ಒಂದು ಪ್ಯಾಕೆಟ್ಟನ್ನು ಸರದಿಯಲ್ಲಿ ಹಂಚುವುದು ಅದರಲ್ಲಿ ಒಂದು. ಒಂದೇ ಥರದ ಎರಡು ಕೇಬಲ್ಲಿಗೆ ಅದು ಸರಿ. ಕೇಬಲ್ಲಿಗೂ ವೈಫೈಗೂ ಹಾಗೆ ಹಂಚಿದರೆ, ಪುಸ್ತಕದ ಒಂದು ಹಾಳೆಯನ್ನು ಬಸ್ಸಿನಲ್ಲೂ ಮರುಹಾಳೆಯನ್ನು ಎತ್ತಿನ ಗಾಡಿಯಲ್ಲೂ ಕಳಿಸಿದಂತೆ ಆಗುತ್ತದೆ. ಏಳನೇ ಪುಟ ಬಂದಿದೆ, ಆರನೆಯದು ಇನ್ನೂ ದಾರಿಯಲ್ಲಿದೆ. ಆ ತುದಿಯಲ್ಲಿ ಪುಟಗಳನ್ನು ಕ್ರಮವಾಗಿ ಜೋಡಿಸುವ ಟಿಸಿಪಿ ಅನ್ನುವ ವ್ಯವಸ್ಥೆ, ಆರನೆಯದು ಕಳೆದೇ ಹೋಯಿತು ಅಂದುಕೊಂಡು ಮತ್ತೆ ಕಳಿಸು ಅನ್ನುತ್ತದೆ. ಈ ತುದಿ ಜಾಲದಲ್ಲಿ ನೂಕುನುಗ್ಗಲಾಗಿದೆ ಅಂತ ತಿಳಿದು ತನ್ನ ವೇಗ ಇಳಿಸುತ್ತದೆ. ಕೇಬಲ್ ಒಂದೇ ಇದ್ದಾಗಿನ ಸ್ಪೀಡೂ ಸಿಗದೆ ಹೋಗಬಹುದು.

ಮನೆಗೆ ಒಪ್ಪುವುದು ಆಕ್ಟಿವ್-ಬ್ಯಾಕಪ್ ಅನ್ನುವ ವಿಧ. ಕೆಲಸ ಮಾಡುವುದು ಒಂದು, ಕಾಯುವುದು ಇನ್ನೊಂದು. ಹಾಗಾದರೆ ಮೆಟ್ರಿಕ್ಕಿಗೂ ಇದಕ್ಕೂ ಏನು ವ್ಯತ್ಯಾಸ? ಇಡೀ ವಿಷಯದ ತಿರುಳು ಇಲ್ಲಿದೆ. ಇಂಟರ್ನೆಟ್ಟಿನಲ್ಲಿ ಒಂದು ಟಿಸಿಪಿ ಸಂಪರ್ಕವನ್ನು ಗುರುತಿಸುವುದು ನಾಲ್ಕು ಅಂಶಗಳಿಂದ: ಈ ಕಡೆಯ ಐಪಿ ವಿಳಾಸ ಮತ್ತು ಪೋರ್ಟು, ಆ ಕಡೆಯ ಐಪಿ ವಿಳಾಸ ಮತ್ತು ಪೋರ್ಟು. ಕೇಬಲ್ಲಿಗೆ ಒಂದು ವಿಳಾಸ, ವೈಫೈಗೆ ಇನ್ನೊಂದು. ಕೇಬಲ್ ಕಿತ್ತರೆ ದಾರಿಯೇನೋ ಬದಲಾಗುತ್ತದೆ, ಆದರೆ ಈ ಕಡೆಯ ವಿಳಾಸವೂ ಬದಲಾಗುತ್ತದೆ. ಆ ತುದಿಗೆ ನಾವು ಹೊಸಬರು. ಬ್ರೌಸರಿನಲ್ಲಿ ಪುಟ ಓದುತ್ತಿದ್ದರೆ ಗೊತ್ತೇ ಆಗದು. ವಿಡಿಯೋ ಕಾಲ್ ಸ್ವಲ್ಪ ತಡವರಿಸಿ ಮತ್ತೆ ಕೂಡಿಕೊಳ್ಳುತ್ತದೆ. ನನ್ನ ಹಾಗೆ ದೂರದ ಸರ್ವರಿನಲ್ಲಿ ಎಸ್‌ಎಸ್‌ಎಚ್ ಮೂಲಕ ಕೂತು ಕೆಲಸ ಮಾಡುವವರ ಸಂಪರ್ಕ ಮಾತ್ರ ಕಡಿದೇ ಹೋಗುತ್ತದೆ. ಬಾಂಡ್ ಕಟ್ಟಿದಾಗ ವಿಳಾಸ ಕೇಬಲ್ಲಿನದೂ ಅಲ್ಲ, ವೈಫೈಯದೂ ಅಲ್ಲ, ಬಾಂಡಿನದು. ಒಳಗೆ ಯಾವುದು ದುಡಿಯುತ್ತಿದ್ದರೂ ಹೊರಗಿನವರಿಗೆ ನಾವು ಅದೇ ಹಳಬರು. ಬಾಂಡಿನಲ್ಲಿ ಕೇಬಲ್ಲನ್ನು ಪ್ರೈಮರಿ ಅಂತ ಗೊತ್ತುಮಾಡಿ, 100 ಮಿಲಿಸೆಕೆಂಡಿಗೊಮ್ಮೆ ಕೊಂಡಿ ಇದೆಯೇ ಅಂತ ನೋಡು ಅಂದರೆ, ಲ್ಯಾಪ್‌ಟಾಪಿನಿಂದ ಕೇಬಲ್ ಕಿತ್ತು ಜಗಲಿಗೆ ಹೋಗಿ ಕೂತರೂ ಕೆಲಸ ನಿಲ್ಲುವುದಿಲ್ಲ. ವಾಪಸು ಬಂದು ಚುಚ್ಚಿದರೆ ತಾನಾಗಿ ಕೇಬಲ್ಲಿಗೆ ಮರಳುತ್ತದೆ.

ವೈಫೈ ಸೇರಿಸಿ ಬಾಂಡ್ ಕಟ್ಟುವವರು ಒಂದು ಸೂಕ್ಷ್ಮ ತಿಳಿದಿರಬೇಕು. ಬಾಂಡು ಸಾಮಾನ್ಯವಾಗಿ ತನ್ನೊಳಗಿನ ಎಲ್ಲ ಕಾರ್ಡುಗಳಿಗೂ ಒಂದೇ ಮ್ಯಾಕ್ ವಿಳಾಸ (ಕಾರ್ಡಿನ ಗುರುತು ಸಂಖ್ಯೆ) ತೊಡಿಸುತ್ತದೆ. ಕೇಬಲ್ಲಿಗೆ ಅದು ಆದೀತು. ವೈಫೈ ರೂಟರು ಹಾಗಲ್ಲ. ಪಾಸ್‌ವರ್ಡ್ ಕೊಟ್ಟು ಯಾವ ಮ್ಯಾಕ್ ವಿಳಾಸ ಒಳಗೆ ಬಂತೋ ಅದರಿಂದ ಬಂದ ಪ್ಯಾಕೆಟ್ಟನ್ನು ಮಾತ್ರ ಒಪ್ಪುತ್ತದೆ. ಅದಕ್ಕೆ 'ಫೇಲ್-ಓವರ್-ಮ್ಯಾಕ್' ಅನ್ನುವ ಆಯ್ಕೆಯನ್ನು 'ಆಕ್ಟಿವ್'ಗೆ ಇಡಬೇಕು. ಆಗ ಪ್ರತಿ ಕಾರ್ಡೂ ತನ್ನದೇ ಮ್ಯಾಕ್ ಉಳಿಸಿಕೊಳ್ಳುತ್ತದೆ, ಕೈ ಬದಲಾದಾಗ ಬಾಂಡು ಅದನ್ನು ಜಾಲಕ್ಕೆಲ್ಲ ಸಾರುತ್ತದೆ. ಮ್ಯಾಕ್ ಬದಲಾದಾಗ ರೂಟರು ಬೇರೆ ಐಪಿ ಕೊಟ್ಟುಬಿಡದಂತೆ, ಐಪಿ ವಿಳಾಸವನ್ನು ನಾವೇ ಕೈಯಾರೆ ಬರೆದುಬಿಡುವುದು ಕ್ಷೇಮ.

ಅಕ್ಕ ಎಲ್ಲ ಕೇಳಿಸಿಕೊಂಡರು. ಆಮೇಲೆ ಗಣಿತದ ಟೀಚರ್ ಕೇಳುವಂಥ ಪ್ರಶ್ನೆಯನ್ನೇ ಕೇಳಿದರು: "ನಮ್ಮನೇಲಿ ನೆಟ್ ಹೋಗೋದು ಯಾವಾಗ ಅಂತ ಯೋಚಿಸಿದೀಯಾ? ಕೇಬಲ್ ಯಾರೂ ಕೀಳಲ್ಲ. ಕರೆಂಟ್ ಹೋಗತ್ತೆ, ಇಲ್ಲಾ ಮರ ಬಿದ್ದು ಫೈಬರ್ ಹರಿಯತ್ತೆ. ಆಗ ನಿನ್ನ ಬಾಂಡು ಏನು ಮಾಡತ್ತೆ?"

ಏನೂ ಮಾಡುವುದಿಲ್ಲ. ಕರೆಂಟ್ ಹೋಗಿ ರೂಟರ್ ಆಫ್ ಆದರೆ ಕೇಬಲ್ಲೂ ಹೋಯಿತು, ಅದೇ ರೂಟರಿನ ವೈಫೈಯೂ ಹೋಯಿತು. ಮರ ಬಿದ್ದಾಗಿನ ಪರಿಸ್ಥಿತಿ ಇನ್ನೂ ಕಷ್ಟ. ರೂಟರ್ ಬದುಕಿದೆ, ಕೇಬಲ್ಲಿನ ತುದಿಯ ದೀಪ ಮಿನುಗುತ್ತಿದೆ, ಬಾಂಡಿನ ದೃಷ್ಟಿಯಲ್ಲಿ ಎಲ್ಲ ಸರಿಯಾಗಿದೆ. ಸತ್ತದ್ದು ರಸ್ತೆಯ ಕಂಬದಲ್ಲಿರುವ ಫೈಬರು. ಕೊಂಡಿ ಇರುವುದು ಬೇರೆ, ಇಂಟರ್ನೆಟ್ ಇರುವುದು ಬೇರೆ.

ಇಲ್ಲಿ ನೆಟ್‌ವರ್ಕ್ ಮ್ಯಾನೇಜರಿನ ಒಂದು ಗುಣ ಕೆಲಸಕ್ಕೆ ಬರುತ್ತದೆ. ಅದು ಆಗಾಗ ಹೊರಗಿನ ಒಂದು ಗೊತ್ತಾದ ಪುಟವನ್ನು ಕೇಳಿ, ನಿಜಕ್ಕೂ ಇಂಟರ್ನೆಟ್ ಇದೆಯೇ ಅಂತ ಪರೀಕ್ಷಿಸಬಲ್ಲದು. ನಾವು ಬೇರೆ ಹೇಳದಿದ್ದರೆ 300 ಸೆಕೆಂಡಿಗೊಮ್ಮೆ. ಉತ್ತರ ಬರದಿದ್ದರೆ ಆ ದಾರಿಯ ಮೆಟ್ರಿಕ್ಕಿಗೆ 20,000 ಸೇರಿಸುತ್ತದೆ. ಕೇಬಲ್ಲಿನ 100 ಹೋಗಿ 20100 ಆಗುತ್ತದೆ. ಆಗ ಪಕ್ಕದಲ್ಲಿ ಜೀವಂತ ವೈಫೈ ಒಂದಿದ್ದರೆ ಅದರ 600 ಗೆಲ್ಲುತ್ತದೆ. 'ಐಪಿ ರೂಟ್' ಹಾಕಿದಾಗ 20100 ಕಂಡರೆ, ಫೈಬರಿನವರಿಗೆ ಫೋನ್ ಮಾಡುವ ಹೊತ್ತಾಯಿತು ಅಂತ ತಿಳಿಯಬೇಕು. ಕೆಲವು ಲಿನಕ್ಸುಗಳಲ್ಲಿ ಈ ಪರೀಕ್ಷೆ ತಾನಾಗಿ ಆನ್ ಇರುತ್ತದೆ, ಕೆಲವದರಲ್ಲಿ ಆನ್ ಮಾಡಿಕೊಳ್ಳಬೇಕು. 300 ಸೆಕೆಂಡ್ ಅಂದರೆ ಐದು ನಿಮಿಷ, ಪಾಠದ ನಡುವೆ ಬಹಳ ದೀರ್ಘ. ಅದನ್ನು ಕಡಿಮೆ ಮಾಡಿಕೊಳ್ಳಬಹುದು.

ಹಾಗಾಗಿ ಕೇಬಲ್ ಜತೆ ಇಟ್ಟುಕೊಳ್ಳುವ ವೈಫೈ ಬೇರೆ ಮೂಲದ್ದಾಗಿರಬೇಕು. ಕೈಯಲ್ಲಿರುವುದು ಮೊಬೈಲಿನ ಹಾಟ್‌ಸ್ಪಾಟ್. ಫೋನಿಗೆ ತನ್ನದೇ ಬ್ಯಾಟರಿ, ಲ್ಯಾಪ್‌ಟಾಪಿಗೂ ತನ್ನದೇ ಬ್ಯಾಟರಿ. ಕರೆಂಟ್ ಹೋದಾಗ ಟವರ್ ಬದುಕಿದ್ದರೆ ಪಾಠ ನಡೆಯುತ್ತದೆ. ಸಂಪರ್ಕದ ಸೆಟ್ಟಿಂಗಿನಲ್ಲಿ ಹಾಟ್‌ಸ್ಪಾಟನ್ನು ಮೀಟರ್ಡ್ ಅಂತ ಗುರುತು ಮಾಡಿಟ್ಟರೆ, ಅದನ್ನು ಗೌರವಿಸುವ ತಂತ್ರಾಂಶಗಳು ದೊಡ್ಡ ಅಪ್‌ಡೇಟುಗಳನ್ನು ಎಳೆದು ದಿನದ ಡೇಟಾ ಮುಗಿಸುವುದಿಲ್ಲ. ಫೋನನ್ನು ಯುಎಸ್‌ಬಿ ತಂತಿಯಲ್ಲಿ ಸೇರಿಸಿದರೆ ಮಾತ್ರ ಲಿನಕ್ಸ್ ಅದನ್ನು ಕೇಬಲ್ ಅಂತಲೇ ಎಣಿಸುತ್ತದೆ, ನೂರರ ಆಸುಪಾಸಿನ ಮೆಟ್ರಿಕ್ಕೇ ಕೊಡುತ್ತದೆ. ಆಗ ಅದರ ಅಂಕಿಯನ್ನು ನಾವೇ ದೊಡ್ಡದು ಮಾಡಬೇಕು.

"ಎರಡು ಮೂಲ ಇದ್ರೆ ಆಗಲಾದ್ರೂ ಕೂಡಿಸಬಹುದಲ್ಲ?" ಅಕ್ಕ ಸಂಕಲನವನ್ನು ಬಿಡಲೊಲ್ಲರು.

ಸ್ವಲ್ಪ ಮಟ್ಟಿಗೆ ಹೌದು. ಒಂದೇ ಡೀಫಾಲ್ಟ್ ಸಾಲಿನಲ್ಲಿ ಎರಡು ಬಾಗಿಲು ಕೊಟ್ಟು, ಒಂದಕ್ಕೆ ಮೂರು ಪಾಲು ಇನ್ನೊಂದಕ್ಕೆ ಒಂದು ಪಾಲು ಅಂತ ತೂಕ ಹಾಕಲು ಲಿನಕ್ಸಿನಲ್ಲಿ ಅವಕಾಶ ಇದೆ. ಆದರೆ ಅದು ಹಂಚುವುದು ಸಂಪರ್ಕಗಳನ್ನು, ಪ್ಯಾಕೆಟ್ಟುಗಳನ್ನಲ್ಲ. ಹತ್ತು ಜನ ಹತ್ತು ಕೆಲಸ ಮಾಡುತ್ತಿದ್ದರೆ ಕೆಲವರದು ಈ ಕಡೆ, ಕೆಲವರದು ಆ ಕಡೆ ಹೋಗಿ ಒಟ್ಟು ಲಾಭ ಕಾಣುತ್ತದೆ. ಒಂದೇ ಒಂದು ದೊಡ್ಡ ಡೌನ್‌ಲೋಡ್ ಆದರೆ ಅದು ಒಂದೇ ದಾರಿಯಲ್ಲಿ ಬರುತ್ತದೆ. ಇದರಿಂದ ಬ್ಯಾಂಕಿನ ತಾಣದಂಥವು ಒಂದೇ ಲಾಗಿನ್ನಿಗೆ ಎರಡು ವಿಳಾಸ ಕಂಡು ನಮ್ಮನ್ನು ಹೊರಗೆ ಹಾಕುವುದೂ ಉಂಟು. ಒಂಟಿ ಲ್ಯಾಪ್‌ಟಾಪಿಗೆ ನಾನು ಇದನ್ನು ಹೇಳುವುದಿಲ್ಲ.

ನಿಜವಾಗಿ ಕೂಡಿಸುವ ವಿದ್ಯೆಗೆ ಮಲ್ಟಿಪಾತ್ ಟಿಸಿಪಿ ಅಂತ ಹೆಸರು. ಒಂದೇ ಸಂಪರ್ಕವನ್ನು ಎರಡು ವಿಳಾಸಗಳಿಂದ, ಎರಡು ದಾರಿಗಳಲ್ಲಿ ನಡೆಸುವುದು. ಪ್ರತಿ ತುಣುಕಿಗೂ ಒಟ್ಟು ಸರಣಿಯಲ್ಲಿ ಅದರ ಸ್ಥಾನ ಬರೆದಿರುತ್ತದೆ, ಆ ತುದಿಯವರು ಜೋಡಿಸಿಕೊಳ್ಳುತ್ತಾರೆ. ಒಂದು ದಾರಿ ಸತ್ತರೆ ಇನ್ನೊಂದರಲ್ಲಿ ಮುಂದುವರಿಯುತ್ತದೆ, ಸಂಪರ್ಕ ಕಡಿಯುವುದಿಲ್ಲ. ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದಲ್ಲಿ ಒಲಿವಿಯೆ ಬೊನಾವೆಂಚುರ್ ಅವರ ತಂಡ ಲಿನಕ್ಸಿನ ಮೇಲೆ ಇದನ್ನು ವರ್ಷಗಟ್ಟಲೆ ಬೆಳೆಸಿತು. ಇದರ ಪ್ರೋಟೋಕಾಲಿನ ಮೊದಲ ಅಧಿಕೃತ ವಿವರಣೆ ಪ್ರಕಟವಾದದ್ದು 2013ರ ಜನವರಿಯಲ್ಲಿ. ಅದೇ ವರ್ಷ ಆಪಲ್ ಇದನ್ನು ತನ್ನ ಐಫೋನಿನ ಧ್ವನಿ ಸಹಾಯಕಿ ಸಿರಿಗೆ ಬಳಸಿತು, ಮಾತಾಡುತ್ತಾ ಮನೆಯ ವೈಫೈ ದಾಟಿ ಹೊರಗೆ ನಡೆದರೂ ಉತ್ತರ ತಪ್ಪದಿರಲಿ ಅಂತ. ಲಿನಕ್ಸಿನ ಮುಖ್ಯ ಕರ್ನಲ್ಲಿಗೆ ಇದರ ಮೊದಲ ಭಾಗ ಬಂದದ್ದು 2020ರ ಮಾರ್ಚಿನ 5.6ನೇ ಆವೃತ್ತಿಯಲ್ಲಿ. ದಾರಿಯ ನಡುವಿನ ಯಾವುದಾದರೂ ಪೆಟ್ಟಿಗೆಗೆ ಇದು ಅರ್ಥವಾಗದಿದ್ದರೆ ಸದ್ದಿಲ್ಲದೆ ಸಾಮಾನ್ಯ ಟಿಸಿಪಿಗೆ ಇಳಿದು ಕೆಲಸ ನಡೆಸುತ್ತದೆ. ಎಷ್ಟು ಹೊಣೆಯರಿತ ವಿನ್ಯಾಸ!

ಒಂದೇ ತೊಡಕು, ಆ ತುದಿಯ ಸರ್ವರಿಗೂ ಈ ಭಾಷೆ ಬರಬೇಕು. ಎಲ್ಲರಿಗೂ ಇನ್ನೂ ಬರುವುದಿಲ್ಲ. ಆದರೆ 2025ರಲ್ಲಿ ಬಂದ, ಗೋ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ 1.24ನೇ ಆವೃತ್ತಿಯಿಂದ, ಲಿನಕ್ಸಿನ ಮೇಲೆ ಗೋದಲ್ಲಿ ಬರೆದ ಸರ್ವರುಗಳು ಮಲ್ಟಿಪಾತ್ ಕರೆಯನ್ನು ತಾವಾಗಿಯೇ ಒಪ್ಪುತ್ತವೆ. ಬರೆದವರು ಒಂದಕ್ಷರವೂ ಹೆಚ್ಚು ಬರೆಯಬೇಕಾಗಿಲ್ಲ. ಇಂಥ ಸಣ್ಣ ಬದಲಾವಣೆಗಳೇ ಲೋಕವನ್ನು ಮುಟ್ಟುವುದು ಅಂತ ನಾನು ನಂಬಿದ್ದೇನೆ. ಅಲ್ಲಿಯತನಕ ಕಾಯಲಾರದವರು ಹೊರಗೆ ಒಂದು ಸರ್ವರ್ ಬಾಡಿಗೆಗೆ ಹಿಡಿದು, ಮನೆಯಿಂದ ಅಲ್ಲಿಯವರೆಗೆ ಎರಡೂ ದಾರಿ ಕೂಡಿಸಿ, ಅಲ್ಲಿಂದ ಲೋಕಕ್ಕೆ ಹೋಗುತ್ತಾರೆ. ಓಪನ್‌ಎಂಪಿಟಿಸಿಪಿ ರೂಟರ್ ಅನ್ನುವ ಮುಕ್ತ ತಂತ್ರಾಂಶ ಇರುವುದೇ ಅದಕ್ಕೆ. ಪಾಠ ಹೇಳುವ ಅಕ್ಕನಿಗೆ ಅಷ್ಟೆಲ್ಲ ಬೇಕಿಲ್ಲ.

ಅಕ್ಕ ಸ್ವಲ್ಪ ಹೊತ್ತು ಯೋಚಿಸಿದರು. "ನಿಮ್ಮನೆ ಫೈಬರ್ ಬೇರೆ ಕಂಪನೀದು ಅಲ್ವೇನೋ? ರೂಟರೂ ಇನ್ವರ್ಟರಿಗೆ ಹಾಕಿದೀಯ."

ಹೌದು. ಇಬ್ಬರ ಫೈಬರೂ ಬೇರೆ ಬೇರೆ ಕಂಬದಿಂದ ಬರುತ್ತದೆ. ಇಬ್ಬರದೂ ಒಟ್ಟಿಗೇ ಕಡಿದು ಹೋಗುವುದು ಅಪರೂಪ.

"ಹಂಗಾದ್ರೆ ನಿಮ್ಮನೆಯಿಂದ ಈ ಗೋಡೆ ಮೇಲೆ ಒಂದು ಕೇಬಲ್ ಹಾಕಿಬಿಡು."

ಅದು ಬೇಡ ಅಂದೆ. 100 ಮೀಟರ್ ತನಕ ಲ್ಯಾನ್ ಕೇಬಲ್ ಧಾರಾಳವಾಗಿ ಬರುತ್ತದೆ, ತೊಂದರೆ ದೂರದ್ದಲ್ಲ. ಎರಡು ಮನೆಯ ಅರ್ಥಿಂಗ್ ಬೇರೆ ಬೇರೆ. ಮೇ ತಿಂಗಳ ಗುಡುಗು ಮಳೆಗೆ ಹತ್ತಿರದಲ್ಲೆಲ್ಲೋ ಸಿಡಿಲು ಬಡಿದರೆ ತಾಮ್ರದ ತಂತಿಯಲ್ಲಿ ಎರಡೂ ಮನೆಯ ಉಪಕರಣಕ್ಕೆ ಏಟು. ಗೋಡೆ ದಾಟುವುದು ಗಾಳಿಗೇ ಬಿಡೋಣ. ನನ್ನ ರೂಟರಿನಲ್ಲಿ ಅತಿಥಿಗಳಿಗೆಂದು ಬೇರೆ ವೈಫೈ ಇದೆ, ಅದರಿಂದ ನನ್ನ ಮನೆಯ ಯಂತ್ರಗಳು ಕಾಣುವುದಿಲ್ಲ. ಕಂಪನಿಯ ಕರಾರಿನಲ್ಲಿ ಅಡ್ಡಿಯಿಲ್ಲ ಅಂತ ನೋಡಿಕೊಂಡು ಅದರ ಪಾಸ್‌ವರ್ಡ್ ಕೊಡುತ್ತೇನೆ. ಅಕ್ಕನ ಕೇಬಲ್ 100, ನನ್ನ ವೈಫೈ 600. ಅವರದು ಸತ್ತು 20100 ಆದ ಕ್ಷಣ ನನ್ನದು. ಪರೀಕ್ಷೆಯ ಅವಧಿಯನ್ನು 30 ಸೆಕೆಂಡಿಗೆ ಇಳಿಸಿಕೊಡುತ್ತೇನೆ ಅಂದೆ. ನನ್ನದು ಸತ್ತಾಗ ಅವರದರ ಪಾಸ್‌ವರ್ಡ್ ನನಗೆ ಬೇಕು ಅಂತಲೂ ಕೇಳಿದೆ.

"ಕೊಡದೇ ಇರ್ತೀನಾ! ಇನ್ನೇನಾದ್ರೂ ಇದ್ಯಾ?"

ಒಂದಿತ್ತು. ಅಕ್ಕನ ರೂಟರಿನ ವಿಳಾಸ 192.168.1.1, ನನ್ನದೂ 192.168.1.1. ಎಷ್ಟೋ ರೂಟರುಗಳು ಅಂಗಡಿಯಿಂದ ಬರುವಾಗಲೇ ಹಾಗಿರುತ್ತವೆ. ಎರಡು ಜಾಲಕ್ಕೂ ಒಂದೇ ಅಂಕಿ ಇದ್ದರೆ, ತಾಣದ ಹೆಸರಿಗೆ ವಿಳಾಸ ಯಾವುದು ಅಂತ ಲ್ಯಾಪ್‌ಟಾಪು 192.168.1.1ನ್ನು ಕೇಳುವಾಗ ಆ ಪ್ರಶ್ನೆ ಅಕ್ಕನ ಸತ್ತ ಫೈಬರಿನ ರೂಟರಿಗೇ ಹೋಗಿಬಿಡಬಹುದು. ದಾರಿ ಬದಲಾದರೂ ಪುಟ ತೆರೆಯುವುದಿಲ್ಲ. ಒಬ್ಬರು ಬದಲಾಯಿಸಿಕೊಳ್ಳಬೇಕು.

"ನಂದು 1 ಇರಲಿ ಕಣೋ, ಟಿವಿ, ಪ್ರಿಂಟರು ಎಲ್ಲ ಅದಕ್ಕೇ ಹೊಂದಿಕೊಂಡಿವೆ. ನೀನು 7 ಮಾಡ್ಕೋ."

192.168.7.1. ಮಧ್ಯಾಹ್ನದ ಒಳಗೆ ಮಾಡಿಡುತ್ತೇನೆ, ಸಂಜೆ ಆರಕ್ಕೆ ಪಾಠ ಇದೆ.